ಕಳ್ಳಜೇಬು

ಪ್ಯಾಂಟು ಹೊಲಿಯುವವನಿಗೆ ಊರಿನ ಜೇಬುಗಳೆಲ್ಲ ಗೊತ್ತು.
ಯಾರದು ತೂತು, ಯಾರದರಲ್ಲಿ ಬೀಡಿಪುಡಿಯ ಘಾಟು,
ಸೊಂಟಪಟ್ಟಿಯ ಒಳಗೆ, ಹೆಂಡತಿಗೂ ಕಾಣದ ಹಾಗೆ
ಒಂದು ಕಳ್ಳಜೇಬು ಇಡು ಇನ್ನಾಸಪ್ಪ ಅಂದವರು ಯಾರು ಯಾರು,
ಮೂವತ್ತೊಂದು ವರ್ಷದಿಂದ ಒಬ್ಬರಿಗೂ ಹೇಳಿಲ್ಲ.
ಪಾಪನಿವೇದನೆ ಕೇಳುವ ಫಾದರ್ ಕಿವಿ ಹೇಗೋ
ನನ್ನ ಕತ್ತರಿಯೂ ಹಾಗೇ.

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಆಲೂಗಡ್ಡೆ ಮೂಟೆಗೆ ದಬ್ಬಳ ಹಾಕುವವರ ಪಕ್ಕ ನನ್ನ ಮೆಷಿನ್ನು.
ಸೋಮವಾರ ಜವರೇಶ ಖಾಕಿ ಪ್ಯಾಂಟು ಎಸೆದು ಹೋದ,
ಕಲ್ಲಿಕೋಟೆಗೆ ಶುಂಠಿ ಲೋಡು ಇಳಿಸಿ ಬಂದವನು.
ಬಾಟಮ್ ಎರಡು ಬೆರಳು ಗಿಡ್ಡ ಮಾಡು ಅಂದ.
ಜೇಬು ತಿರುಗಿಸಿದರೆ
ನಾಲ್ಕಾಗಿ ಮಡಚಿದ ಕೇರಳದ ಲಾಟರಿ.
ಡ್ರಾ ಗುರುವಾರ.

ಪ್ಯಾಂಟಿಗೇ ಪಿನ್ನು ಹಾಕಿ ಇಡಬಹುದಿತ್ತು.
ಇಟ್ಟದ್ದು ಬಾಬಿನ್ ಡಬ್ಬಿಯಲ್ಲಿ.
ಕಳೆದುಹೋಗಬಾರದಲ್ಲ, ಪಾಪ, ಅವನದು, ಅಂದುಕೊಂಡೆ.
ಸುಳ್ಳು ಹೇಳುವಾಗ ನನ್ನನ್ನು ನಾನು
ಎಷ್ಟು ಮರ್ಯಾದೆಯಿಂದ ಮಾತಾಡಿಸುತ್ತೇನೆ!

ಸಿಂಗಲ್ ನಂಬರಿನ ಕಾಲ ನೆನಪಾಯಿತು.
ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಹೊತ್ತು ಹೊತ್ತಿಗೂ ಡ್ರಾ,
ಒಂಬತ್ತು ಬರುತ್ತದೆ ಅಂತ ಕನಸು ಬಿದ್ದು
ಆರು ಬಂತು.
ಆರೋಗ್ಯಮ್ಮನ ಬೆಂಡೋಲೆ ಹೋಯಿತು.
ಆ ಭಾನುವಾರ ಅವಳು ಕಿವಿ ಮುಚ್ಚುವ ಹಾಗೆ ಸೆರಗು ಹೊದ್ದು
ಪೂಜೆಗೆ ಬಂದಳು.
ಏನು ಭಕ್ತಿಯಮ್ಮ ನಿಮ್ಮದು ಅಂದರು ಸಿಸ್ಟರು.
ಅವತ್ತಿನಿಂದ ಅವಳು ಸೆರಗು ಇಳಿಸಿಲ್ಲ.

ಹಬ್ಬಕ್ಕೆ ನಾವೂ ಚೀಟಿ ಮಾರುತ್ತೇವೆ, ಗಂಟೆಗೋಪುರದ ರಿಪೇರಿಗೆ.
ಮೊದಲ ಬಹುಮಾನ ಗ್ರೈಂಡರು.
ಪುಸ್ತಕ ಹಿಡಿದು ಮನೆಮನೆ ತಿರುಗುವವನು ನಾನೇ.
ಇದು ಯಾವ ಲೆಕ್ಕಕ್ಕೆ ಫಾದರ್ ಅಂತ ಒಮ್ಮೆ ಕೇಳಿದ್ದೆ.
ಇದು ದೇವರಿಗಲ್ಲವೇನಪ್ಪ, ಅಂತ ನಕ್ಕರು.
ದೇವರು ಯಾವ ಹಿಟ್ಟು ರುಬ್ಬುತ್ತಾನೆ
ಅಂತ ಕೇಳುವ ಧೈರ್ಯ ಬರಲಿಲ್ಲ.

ಬುಧವಾರ ರಾತ್ರಿ ಜಪಸರ ಹಿಡಿದರೆ
ಮಣಿ ಮಣಿಯೂ ಸೊನ್ನೆ.
ಮೊದಲ ಹತ್ತು ಮುಗಿಯುವಷ್ಟರಲ್ಲಿ ಅಂಗಡಿ ಸ್ವಂತದ್ದಾಯಿತು.
ಎರಡನೆಯದಕ್ಕೆ ಬೆಂಡೋಲೆ ಬಂತು, ಕಲ್ಲು ದೊಡ್ಡದು.
ಮೂರನೆಯದಕ್ಕೆ ಜವರೇಶನ ಪಾಲು:
ಅರ್ಧ.
ಅರ್ಧ ಯಾಕೆ, ಕಾಲು.
ನಾಲ್ಕನೆಯದು ಮುಗಿದಾಗ
ಎರಡು ಜೊತೆ ಹೊಸ ಪ್ಯಾಂಟು, ಹೊಲಿಗೆ ಪುಕ್ಕಟೆ.
ಐದನೆಯದು ಹೇಳಲಿಲ್ಲ. ನಿದ್ದೆ ಬಂತು, ಒಳ್ಳೆಯ ನಿದ್ದೆ.

ಗುರುವಾರ ಸಂಜೆ ಮೊಬೈಲ್ ಅಂಗಡಿ ಹುಡುಗನಿಂದ ನಂಬರು ನೋಡಿಸಿದೆ.
ಬಂದಿರಲಿಲ್ಲ.
ಕಟ್ಟಕಡೆಯ ಸಣ್ಣ ಬಹುಮಾನವೂ ಇಲ್ಲ.
ಎದೆ ಧಸಕ್ಕೆಂದಿತು.
ಆಮೇಲೆ ಕೇಳಿಕೊಂಡೆ: ಹೋದದ್ದು ಯಾರದೋ ಇನ್ನಾಸಪ್ಪ?
ನಿನ್ನೆದೆ ಯಾಕೋ?

ಜವರೇಶ ಬಂದಾಗ ಚೀಟಿ ಚಾಚಿದೆ.
ಅಯ್ಯೋ ಇದಾ, ಟೀ ಅಂಗಡಿಯವನು ಚಿಲ್ಲರೆ ಇಲ್ಲ ಅಂತ ಕೊಟ್ಟದ್ದು,
ಅಂದು ಚರಂಡಿಗೆ ಬಿಸಾಕಿದ.
ಅರವತ್ತು ರೂಪಾಯಿ ಎಣಿಸಿ, ಹೋಗುವಾಗ ತಿರುಗಿ,
ನಿಮ್ಮ ಚರ್ಚಿನೋರು ಒಂದು ಕಾಗದದ ಚೂರೂ ಇಟ್ಕೊಳ್ಳಲ್ಲ ಬಿಡಿ, ಅಂದ.
ಆ ಅರವತ್ತು ಇನ್ನೂ ಡ್ರಾಯರಿನಲ್ಲೇ ಇದೆ.

ಶುಕ್ರವಾರ ಶಿಲುಬೆಹಾದಿ. ಹತ್ತನೆಯ ಸ್ಥಳದಲ್ಲಿ
ಎಲ್ಲರೂ ಮುಂದೆ ಹೋದರು, ನನ್ನ ಮೊಣಕಾಲು ಏಳಲಿಲ್ಲ.
ಆ ಅಂಗಿಗೆ ಹೊಲಿಗೆಯೇ ಇರಲಿಲ್ಲವಂತೆ.
ಅಂಥದ್ದನ್ನು ಹರಿಯಲು ಸಿಪಾಯಿಗಳಿಗೂ ಮನಸ್ಸು ಬರಲಿಲ್ಲ,
ಅದಕ್ಕೇ ಚೀಟಿ.
ಗೆದ್ದವನ ಹೆಸರು ಯಾರೂ ಬರೆದಿಟ್ಟಿಲ್ಲ.
ಅವನು ಕುಳ್ಳನಿದ್ದಿರಬಹುದು. ಅಂಗಿ ನೆಲಕ್ಕೆ ಎಳೆದಿರಬಹುದು.
ಮಾರನೆಯ ದಿನ ಒಬ್ಬ ದರ್ಜಿಯ ಮುಂದೆ ಅದನ್ನು ಹರವಿ
ಗಿಡ್ಡ ಮಾಡು ಅಂದಿರಬಹುದು,
ಹಾಗೇ ಒಳಗಡೆ ಒಂದು ಜೇಬು, ಯಾರಿಗೂ ಕಾಣದ ಹಾಗೆ.

ಕಲೆ ಯಾತರದ್ದು ಅಂತ ಕೇಳದೆ
ದರ್ಜಿ ಕತ್ತರಿ ಎತ್ತಿಕೊಂಡಿರಬಹುದು.
ಯಾವತ್ತಿಗೆ ಬೇಕು, ಅಂದಿರಬಹುದು.