ಒತ್ತೆಯ ಮೇಲೆ ಒತ್ತೆ

ರಾತ್ರಿ ಮೂರೂಕಾಲಿಗೆ ಬಾಗಿಲು ಬಡಿದವನು
ಕಳ್ಳನಲ್ಲ, ಬೆಜಾನ್;
ಕುತೈಸಿಯಿಂದ ಜುಗ್ದಿದಿಗೆ ಮಿನಿಬಸ್ಸು ಓಡಿಸುವವನು.
ಕಂಕುಳಲ್ಲಿ ಅಜ್ಜನ ವೈನು ಕುಡಿಯುವ ಕೊಂಬು,
ಕೈಯಲ್ಲಿ ಉರಿಯುವ ಫೋನು.

"ನಾಜಿಬ್ರೋಲಾ, ತಕ್ಕಡಿ ತೆಗಿ.
ನಲವತ್ತು ನಿಮಿಷ ಇದೆ."

ಮೂವತ್ತೊಂದು ವರ್ಷದ ಗಿರವಿ ಅಂಗಡಿ ನನ್ನದು.
ಉಂಗುರ ಇಟ್ಟವರು, ಹೊಲಿಗೆಯಂತ್ರ ಇಟ್ಟವರು,
ಕರೆಂಟಿಲ್ಲದ ಚಳಿಗಾಲವೊಂದರಲ್ಲಿ
ಬಂಗಾರದ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ತಂದವಳು.
ಒಬ್ಬರೂ ನಿಮಿಷ ಎಣಿಸಿರಲಿಲ್ಲ.

ಚಹಕ್ಕಿಟ್ಟೆ. ಕೂತ. ಹೇಳಿದ:
ಬಸ್ಸಿಗೆ ಎಂಜಿನ್ ಬೇಕಿತ್ತು,
ಬಿಟ್‌ಕಾಯಿನ್ ಇತ್ತು, ಮಾರಲು ಮನಸ್ಸಿರಲಿಲ್ಲ,
ಏರುವುದನ್ನು ಯಾರಾದರೂ ಮಾರುತ್ತಾರೆಯೇ?
ಒತ್ತೆಯಿಟ್ಟ.
ಇಟ್ಟ ಎಂದರೆ, ಹೆಬ್ಬೆರಳಿಂದ ಒತ್ತಿದ;
ಒತ್ತಿದ್ದೇ ಒತ್ತೆಯಾಯಿತು.
ಈಗ ಬೆಲೆ ಜಾರುತ್ತಿದೆ.
ಸಾಲಕ್ಕಿಟ್ಟದ್ದು ಸಾಲದಂತೆ,
ಇನ್ನೂರ ಎಂಬತ್ತು ಲಾರಿಯಷ್ಟು ಮತ್ತೆ ಇಡಬೇಕಂತೆ,
ಇಲ್ಲದಿದ್ದರೆ ತಾನೇ ಮಾರಿಕೊಳ್ಳುತ್ತದಂತೆ.

"ಹಾಗನ್ನುವವರು ಯಾರು?"
"ಯಾರೂ ಅಲ್ಲ. ಲೆಕ್ಕ ಅದು."
"ಹೋಗಿ ಕೈ ಹಿಡಿದು ಒಂದು ವಾರ ಕೇಳು."
ನಕ್ಕ.
ಪಾಪ, ನಗು ಅರ್ಧಕ್ಕೇ ನಿಂತಿತು.

ತೂಗಿದೆ. ಕೊಂಬಿಗೆ ಬೆಲೆಯಿಲ್ಲ,
ಬಾಯಿಗೆ ಕಟ್ಟಿದ ಬೆಳ್ಳಿಗಷ್ಟೇ.
ಮೂರು ಮದುವೆ, ಒಂಬತ್ತು ಸಾವು ಕುಡಿದ ಕೊಂಬು.
ತುಂಬಿದ ಮೇಲೆ ಕೆಳಗಿಡಲಾಗದ ಪಾತ್ರೆ ಇದು,
ಕೊನೆಯ ಹನಿಯವರೆಗೂ ಕೈಯಲ್ಲೇ ಇರಬೇಕು.
ಬೆಳ್ಳಿಗೆ ಬರುವುದಕ್ಕಿಂತ ತುಸು ಹೆಚ್ಚೇ ಕೊಟ್ಟೆ,
ಏಕೆಂದು ಕೇಳಬೇಡಿ.
ನನ್ನ ಖಾತೆಯಿಂದ ಅವನದಕ್ಕೆ,
ಅವನದರಿಂದ ಇನ್ನೆಲ್ಲಿಗೋ.

ಹಣ ದಾರಿಯಲ್ಲಿರುವಾಗಲೇ
ಫೋನು ಒಮ್ಮೆ ನಡುಗಿ ಸುಮ್ಮನಾಯಿತು.
ಬೆಲೆ ಇನ್ನೊಂದು ಮೆಟ್ಟಿಲು ಇಳಿದಿತ್ತು.
ನಲವತ್ತು ನಿಮಿಷವೂ ಕಾಯಲಿಲ್ಲ ಅದು.
ಚಹ ಆರಿತ್ತು. ಆರಿದ್ದನ್ನೇ ಕುಡಿದು,
ಆರು ಗಂಟೆಯ ಟ್ರಿಪ್ಪಿದೆ ಎಂದು ಎದ್ದ.

ಮಧ್ಯಾಹ್ನ ಬೆಲೆ ಮತ್ತೆ ಏರಿತಂತೆ, ಮೊದಲಿಗಿಂತ ಮೇಲೆ.
ಅವನೇ ಫೋನು ಮಾಡಿ ಹೇಳಿದ,
ಬೇರೆ ಯಾರದೋ ಮನೆಯ ಸುದ್ದಿಯಂತೆ,
ಹೊಸ ಎಂಜಿನ್ನಿನ ಸದ್ದಿನ ನಡುವೆ.

ನನ್ನಲ್ಲಿ ಗಡುವು ಮೂವತ್ತು ದಿನ.
ಮೇಲೊಂದು ವಾರ; ಅದನ್ನು ಎಲ್ಲೂ ಬರೆದಿಲ್ಲ.
ಮೊನ್ನೆಗೆ ಅದೂ ಕಳೆಯಿತು.
ಬೀರು ತೆರೆದರೆ ಹಳೆಯ ವೈನಿನ ವಾಸನೆ.
ಪುಸ್ತಕ ತೆಗೆದು ತಾರೀಖು ಅಳಿಸಿ ಬರೆದೆ.
ಪೆನ್ಸಿಲಿನಲ್ಲೇ ಬರೆಯುವ ಚಾಳಿ ನನಗೆ;
ಈ ಅಂಗಡಿ ದೊಡ್ಡದಾಗದ್ದು ಅದಕ್ಕೇ ಎಂದು
ಮಗಳು ಬಯ್ಯುತ್ತಾಳೆ.