ಬಿಜಲಿ ಮಲಗಿದ್ದು

ಮುಧೋಳ ಬಸ್‌ಸ್ಟ್ಯಾಂಡಿನ ಹಿಂದ
ಮೆಹಜಬೀನಳ ಝೆರಾಕ್ಸ್ ಅಂಗಡಿ.
ವಾರಕ್ಕ ಮೂರು ಮಾತು ಕಲಸತಾಳ ನನಗ,
ಕೆಟ್ಟ ಪ್ರತಿಗಳ ಬೆನ್ನಿಗೆ ಬರಕೊಟ್ಟು:
ಯಾರದೋ ಪಹಣಿ, ಯಾರದೋ ಮಾರ್ಕ್ಸ್ ಕಾರ್ಡು,
ಹೊರಳಿಸಿದರ ನನ್ನ ಇಂಗ್ಲಿಷು.

ನಾಯಿ ಸಾಕಾಕಿಗೆ ಯಾಕಬೇ ಇದೆಲ್ಲಾ, ಅಂದಳು ನೆಗೆಣ್ಣಿ.
ಮರಿ ಒಯ್ದೋರು ಕಡಲಾಚಿಂದ ಬರೀತಾರ,
ಏನಂತ ಉತ್ತರ ಹಾಕಲಿ? ಬೌ ಬೌ ಅಂತೇನು?

ಮೊದಲ ತಿಂಗಳು ಬರೇ ನಾಯಿ ಮಾತು ಕೇಳಿ ಬರಕೊಂಡೆ.
ಮಳಿ ಜೋರಾದರ ಅವರಲ್ಲಿ ಬೆಕ್ಕು ನಾಯಿ ಸುರೀತಾವಂತ.
ಇಲ್ಲಿ ಸುರದಿದ್ದರ ನಾ ಇಷ್ಟೊತ್ತಿಗೆ ಸಾವ್ಕಾರ್ತಿ.
ತಪ್ಪು ತಿಳಕೊಂಡರ, ತಪ್ಪು ಗಿಡಕ್ಕ ಬೊಗಳಿದಂಗಂತ.
ನಮ್ಮ ನಾಯಿ ಮೂಗಿಗಿಂತ ಕಣ್ಣು ನಂಬತಾವ,
ಗಿಡಕ್ಕ ಬೊಗಳೋದು ಅವಕ್ಕ ಗೊತ್ತ ಇಲ್ಲ.
ಗಂಡ ತಪ್ಪು ಮಾಡಿದರ ನಾಯಿಗೂಡಿಗೆ.
ಮಲಗಿದ ನಾಯಿ ಮಲಗಿರಲಿ, ಕೆಣಕಬ್ಯಾಡ.
ಬರಕೋತ ಬರಕೋತ ನಗು ಬಂತು.
ನಾವೇನು ಕಡಿಮಿ? ನಾಯಿಪಾಡು, ನಾಯಿಬುದ್ಧಿ, ಡೊಂಕು ಬಾಲ.
ಎರಡೂ ಊರಾಗ ಈ ಮಾತು ಕಟ್ಟಿದೋರು
ಒಂದು ನಾಯಿಗೂ ರೊಟ್ಟಿ ಮುರದು ಹಾಕಿರಲಿಕ್ಕಿಲ್ಲ.

ಮಾರ್ಗರೆಟ್ ಬಾಯಿ ಬಿಜಲಿನ್ನ ಒಯ್ದು ಎರಡು ವರ್ಷ.
ಹಡದ ತಾಯಿ ಕಾಶಿ ಇಲ್ಲೇ ಹೊಸ್ತಿಲದಾಗ,
ಎಲುಬಿನ ಮ್ಯಾಲೆ ರೇಷ್ಮಿ ಹೊಚ್ಚಿದಂಗ ಮೈ.
ತಿಂಗಳಿಗೊಂದು ಸುದ್ದಿ ಬರತಿತ್ತು:
ಬಿಜಲಿ ಸಮುದ್ರದ ದಂಡಿಗುಂಟ ಓಡಿತು,
ಬಿಜಲಿಗೆ ಉಣ್ಣಿ ಅಂಗಿ ಹೆಣದೀನಿ.

ಕಡೀ ಪತ್ರ ಬಂದಾಗ ಮೆಹಜಬೀನ ಊರಾಗಿರಲಿಲ್ಲ.
ನಾನ ಓದಿದೆ. ಎಲ್ಲಾ ಶಬ್ದ ಗುರತಿದ್ದವು.
ಬಿಜಲಿಗೆ ಬಾಳ ಜಡ್ಡಾಗಿತ್ತು,
ಮಂಗಳವಾರ ಮಲಗಿಸಿದಿವಿ, ಅಂತಿತ್ತು.
ಡಿಕ್ಷನರಿ ಮುಟ್ಟಲಿಲ್ಲ ನೋಡ್ರಿ. ಹಿಗ್ಗಿದೆ.

ಉತ್ತರಾನೂ ನಾನ ಬರದೆ, ಯಾರ ಹಂಗಿಲ್ಲದ:
ಚಲೋ ಆತು. ಮಲಗಲಿ.
ಕಿವಿಗೆ ಥಂಡಿ ಬಡೀಬಾರದು, ಅರಿವಿ ಹೊಚ್ಚರಿ.
ನಸುಕಿನಾಗ ಎಬ್ಬಿಸಿ ಹೊರಗ ಬಿಡರಿ, ಓಡತೈತಿ.
ಅಲ್ಲೀತನಕ, ಅಂತ ಜಾಣತನ ಮಾಡಿ ಸೇರಿಸಿದೆ,
ಮಲಗಿದ ನಾಯಿ ಮಲಗಿರಲಿ.

ಮೆಹಜಬೀನ ಬಂದಾಕಿ ಎರಡೂ ಓದಿದಳು.
ಓಡತಿದ್ದ ಮಷೀನು ಬಂದ್ ಮಾಡಿದಳು.
ಅಕ್ಕಾ, ಅದು ಸೂಜಿ, ಅಂದಳು. ಡಾಕ್ಟರ ಸೂಜಿ.
ಮತ್ತ ಏಳೂದಿಲ್ಲ.

ಸಿಟ್ಟು ಬಂತು ನನಗ, ಆ ಬಾಯಿ ಮ್ಯಾಲಲ್ಲ, ಭಾಷಾದ ಮ್ಯಾಲೆ.
ಸತ್ತದ್ದಕ್ಕ ಸತ್ತಿತು ಅನ್ನಾಕ ಇವರಿಗೆ ಏನು ಧಾಡಿ?
ಹಂಗ ಬೈಕೋತ ಮನಿಗೆ ಬಂದೆ.
ಅತ್ತಿ ಖಾಲಿ ಡಬ್ಬಿ ಬಡದು ತೋರಿಸಿದಳು: ಅಕ್ಕಿ ಹೆಚ್ಚ್ಯಾವ.
ಹೆಚ್ಚ್ಯಾವ ಅಂದರ ಮುಗದಾವ.
ನೆಗೆಣ್ಣಿ ತವರಿಗೆ ಹೊಂಟಾಕಿ, ಬರತೀನಿ ಅಂದಳು.
ರಾತ್ರಿ ಅತ್ತಿ ಹಾಸಿಗ್ಯಾಗಿಂದ ಕೂಗಿದಳು:
ದೀಪ ದೊಡ್ಡದು ಮಾಡಬೇ.
ನಾ ಎದ್ದು ಊದಿ ಆರಿಸಿದೆ.

ಕತ್ತಲಾಗ ಕಾಶಿಯ ಪಕ್ಕಡಿ ಮ್ಯಾಲೆ ಕೈ ಇಟಗೊಂಡು ಕುಂತೆ.
ಒಂದೊಂದ ಎಲುಬು ಎಣಿಸಾಕ ಬರತೈತಿ ಈ ಜಾತಿಗೆ,
ಎಣಿಸಿದೆ, ತಪ್ಪಿತು, ಮತ್ತ ಎಣಿಸಿದೆ.
ಅಲ್ಲಿ ಆಕಿಗೂ ಆ ಶಬ್ದ ಗಂಟಲದಾಗ ನಿಂತಿರಬೇಕು.

ಎರಡನೇ ಪತ್ರಕ್ಕ ನಾಕು ದಿನ ಹಿಡೀತು.
ಜಾಣ ಮಾತು ಒಂದೂ ಹಾಕಲಿಲ್ಲ.
ನನಗ ತಿಳದಿರಲಿಲ್ಲ. ಈಗ ತಿಳೀತು.
ಸೂಜಿ ಚುಚ್ಚುವಾಗ ಅದರ ತಲಿ
ಯಾರ ತೊಡಿ ಮ್ಯಾಲಿತ್ತು?
ಮೆಹಜಬೀನ ಒಂದಕ್ಷರ ತಿದ್ದಲಿಲ್ಲ.

ಅವತ್ತ ಸಂಜೀಕ ಉತ್ತರ ಬಂತು.
ಒಂದ ಶಬ್ದ: ಮೈನ್.
ಛಾಪಿಸಿ ಕೈಗೆ ಕೊಟ್ಟಳು, ಅದೂ ಕೆಟ್ಟ ಹಾಳಿ ಮ್ಯಾಲೆ.
ಹೊರಳಿಸಿದರ ಯಾರದೋ ಹೆಸರಿಗೆ
ಎರಡು ಎಕರೆ ಇಪ್ಪತ್ತು ಗುಂಟೆ.