ಭಾಷೆ: ಇತರೆ

ಅಹವಾಲು ಸಭೆ. ಸಲಿನಾಸ್ ಊರಿನ ಗ್ರಂಥಾಲಯದ ನೆಲಮಾಳಿಗೆ.
ಮಡಚುವ ಕುರ್ಚಿ ನಲವತ್ತು, ಜನ ಹನ್ನೊಂದು,
ಅದರಲ್ಲಿ ಐವರು ನಾವೇ, ಸಂಬಳದವರು.
ನನ್ನ ಕೆಲಸ ನಡಾವಳಿ ಬರೆಯುವುದು:
ಯಾರು ಏನೆಂದರು, ಎಷ್ಟು ಹೊತ್ತಿಗೆ ಎಂದರು,
ಪರವೋ, ವಿರೋಧವೋ, ತಟಸ್ಥವೋ.

ಒಬ್ಬೊಬ್ಬರಿಗೆ ಎರಡು ನಿಮಿಷ.
ಮೇಜಿನ ಮೇಲೊಂದು ದೀಪ: ಹಸಿರು, ಹಳದಿ, ಕೆಂಪು.
ನಮ್ಮಲ್ಲಿ ಬಸ್ಸಿಗೂ ಮಾತಿಗೂ ಒಂದೇ ಸಿಗ್ನಲ್ಲು.

ನಾಲ್ಕನೆಯ ಹೆಸರು ಎಫಿಹೇನಿಯಾ ರೊಹಾಸ್.
ಎದ್ದು ಬಂದಳು. ಉಗುರಿನಂಚಿಗೆ ಸ್ಟ್ರಾಬೆರಿಯ ಕರೆ.
ಮೈಕು ಮುಟ್ಟಲಿಲ್ಲ,
ಕುದಿಯುವ ಪಾತ್ರೆಯ ಮುಂದೆ ನಿಂತ ಹಾಗೆ ನಿಂತಳು.
ದುಭಾಷಿ ಇದ್ದಳು, ಸ್ಪ್ಯಾನಿಷ್‌ಗೆ, ಗಂಟೆಯ ಲೆಕ್ಕದಲ್ಲಿ.
ಹೇಳಿ ತಾಯಿ, ಎಂದಳು ನಕ್ಕು.
ಆಕೆ ಆಡಿದ್ದು ಸ್ಪ್ಯಾನಿಷ್ ಅಲ್ಲ.

ದುಭಾಷಿಯ ನಗು ಮುಖದ ಮೇಲೆ ಹಾಗೇ ಉಳಿಯಿತು,
ಒಲೆ ಆರಿದ ಮೇಲೂ ಇಳಿಸದ ಹಂಚಿನಂತೆ.

ಹಿಂದಿನ ಸಾಲಿನಲ್ಲಿ ಟೈರು ಅಂಗಡಿಯ ಔರೆಲಿಯೊ ಎದ್ದ:
ನನಗೆ ಆಕೆಯದೂ ಬರುತ್ತದೆ, ಈಕೆಯದೂ ಅಷ್ಟಿಷ್ಟು.
ಹಾಗೆ ಸಾಲುಗಟ್ಟಿತು. ಆಕೆ ಅವನಿಗೆ,
ಅವನು ದುಭಾಷಿಗೆ, ದುಭಾಷಿ ನಮಗೆ,
ಬಾವಿಯಿಂದ ಕೊಡ ಕೈಯಿಂದ ಕೈಗೆ ಬಂದ ಹಾಗೆ,
ಒಂದೊಂದು ಕೈಯಲ್ಲೂ ಒಂದಿಷ್ಟು ತುಳುಕಿ.

"ಎಲ್ಲರಿಗೂ ನಮಸ್ಕಾರ, ನನ್ನ ಹೆಸರು..."
ಅಷ್ಟು ನಮ್ಮನ್ನು ಮುಟ್ಟುವಷ್ಟರಲ್ಲಿ ಹಳದಿ.
"ನಾನು ಹನ್ನೆರಡನೇ ನಂಬರಿನ ಬಸ್ಸಿಗೆ..."
ಕೆಂಪು.

ಅಧ್ಯಕ್ಷ ಲಿಂಡ್‌ಕ್ವಿಸ್ಟ್ ಕೆಟ್ಟವನಲ್ಲ. ಕನ್ನಡಕ ತೆಗೆದ,
ಹಾಕಿದ, ನಿಯಮದ ಹಾಳೆ ನೋಡಿದ. ಅದರಲ್ಲಿ ಇದು ಇರಲಿಲ್ಲ.
ಪಾರ್ಕಿಂಗ್ ದಂಡದ ಜಗಳಕ್ಕೆಂದೇ ಬಂದಿದ್ದ ಮುದುಕನೊಬ್ಬ
ನನ್ನ ಎರಡು ನಿಮಿಷವೂ ಆಕೆಗೇ ಇರಲಿ, ಎಂದ,
ನನ್ನ ಜಗಳ ಎಲ್ಲಿಗೂ ಓಡಿಹೋಗುವುದಿಲ್ಲ.

ಬರೆದುಕೊಂಡೆ:
ಬಸ್ಸು ಮೊದಲು ಸೊಪ್ಪು ತೊಳೆಯುವ ಶೆಡ್ಡಿನ ಎದುರು ನಿಲ್ಲುತ್ತಿತ್ತು.
ಒಂದು ದಿನ ಕಂಬಕ್ಕೆ ಕಾಗದ ಅಂಟಿಸಿದ್ದರು.
ಓದು ನನಗೆ ಬಾರದು, ಯಾವ ಭಾಷೆಯದೂ.
ಯಾರದೋ ನಾಯಿ ಕಳೆದಿರಬೇಕು ಅಂದುಕೊಂಡೆ.
ಪಾಪ, ಚಿತ್ರವೇ ಹಾಕಿಲ್ಲ,
ನಾಯಿ ಹೇಗೆ ಸಿಕ್ಕೀತು ಅಂದುಕೊಂಡೆ.
ನಾಲ್ಕು ದಿನ, ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ,
ಅದೇ ಕಾಗದದ ಪಕ್ಕ ನಿಂತೆ.
ಆಚೆ ಬೀದಿಯಲ್ಲಿ ಬಸ್ಸು ಹೋಗುವುದು ಕೇಳಿಸುತ್ತಿತ್ತು.
ಐದನೆಯ ದಿನ ಹೊಲದಲ್ಲಿ ನನ್ನ ಸಾಲನ್ನು
ಬೇರೆಯವಳಿಗೆ ಕೊಟ್ಟಾಗಿತ್ತು.

ಆಮೇಲೆ ಇನ್ನೊಂದು ಮಾತಾಡಿದಳು, ಚಿಕ್ಕದು.
ಔರೆಲಿಯೊ ನೆಲ ನೋಡಿದ. ಅದನ್ನು ದಾಟಿಸಲಿಲ್ಲ.

ಆ ಕಾಗದ ಟೈಪು ಮಾಡಿದ್ದು ನಾನು.
ಹದಿನಾಲ್ಕು ಪಾಯಿಂಟಿನ ಅಕ್ಷರ, ಸುತ್ತ ಕಪ್ಪು ಗೆರೆ,
ಎರಡು ಭಾಷೆ, ಮೂರು ಸಲ ಕಾಗುಣಿತ ತಿದ್ದಿ,
ಸಾರ್ವಜನಿಕರ ಗಮನಕ್ಕೆ ಎಂದು ತಲೆಬರಹ ಕೊಟ್ಟು,
ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿ.
ಎಷ್ಟು ಚೆಂದ ಹೊದಿಸಿದ್ದೆ.

ನಮೂನೆಯಲ್ಲಿ ಮೂರು ಚೌಕ. ಪರ, ವಿರೋಧ, ತಟಸ್ಥ.
ನಾಯಿಗೆ ಚೌಕವಿಲ್ಲ.
ಅದರ ಕೆಳಗೆ, ಭಾಷೆ: ಇಂಗ್ಲಿಷ್, ಸ್ಪ್ಯಾನಿಷ್, ಇತರೆ.

ಕುರ್ಚಿ ಮಡಚುವಾಗ ಕೇಳಿದೆ,
ನಿಮ್ಮ ಭಾಷೆಗೆ ಏನೆನ್ನುತ್ತೀರಿ?
ಹೊರಗಿನವರು ಮಿಸ್ತೆಕೊ ಅನ್ನುತ್ತಾರೆ, ಎಂದ ಔರೆಲಿಯೊ,
ನಮ್ಮ ಬಾಯಲ್ಲಿ ತೂಉನ್ ಸಾವಿ. ಮಳೆಯ ಮಾತು.
ಅಂದು ನೋಡಿದೆ. ಎಫಿಹೇನಿಯಾ ತಲೆಯಾಡಿಸಿದಳು, ಅಲ್ಲ.
ದನಿ ಎಲ್ಲೋ ಏರಬೇಕಿತ್ತು, ನಾನು ಇಳಿಸಿದ್ದೆ.
ಮತ್ತೆ ಅಂದೆ. ಏನಂದೆನೋ,
ಇಬ್ಬರೂ ಬಾಯಿಗೆ ಕೈಯಿಟ್ಟು ನಕ್ಕರು.

ಹೊರಗೆ ಬಂದರೆ ಕೊನೆಯ ಬಸ್ಸು ಹೋಗಿತ್ತು.
ಬಸ್ಸಿನ ಸಭೆ ಮುಗಿಯುವ ಹೊತ್ತಿಗೆ ಬಸ್ಸಿಲ್ಲ
ಎಂಬುದು ಹದಿನಾರು ವರ್ಷದಲ್ಲಿ
ನನಗೆ ಹೊಳೆದೇ ಇರಲಿಲ್ಲ, ನನಗೆ ಕಾರಿದೆ.

ಮುದುಕ ತನ್ನ ಪಿಕಪ್ಪಿನ ಬಾಗಿಲು ತೆರೆದು ಹಿಡಿದಿದ್ದ.
ಮುಂದಿನ ಗಾಜಿಗೆ ಅಷ್ಟರಲ್ಲೇ ಹೊಸದೊಂದು ಚೀಟಿ.
ಎಫಿಹೇನಿಯಾ ಅದನ್ನು ಬಿಡಿಸಿ
ಬೀದಿದೀಪಕ್ಕೆ ಹಿಡಿದಳು, ತಿರುಗಿಸಿ ನೋಡಿದಳು,
ಏನೋ ಕೇಳಿದಳು.
ಔರೆಲಿಯೊ ನನ್ನ ಕಡೆ ತಿರುಗಿದ:
ಇದೂ ನಾಯಿಯೇ, ಅನ್ನುತ್ತಿದ್ದಾಳೆ.